ಮಣ್ಣು ತೂರಿದ ಕೈ

ಜಿಜಾಬಾಯಿ ಉಗ್ರವಾದಿ ಎಂದು ನೋಟಿಸು ಬಂದಾಗ ಅವಳು ಗಟಾರದಲ್ಲಿ ನಿಂತಿದ್ದಳು. ಮೊಣಕಾಲಿನ ತನಕ ಕರಿ ನೀರು. ಕೈಯಲ್ಲಿ ಸಲಿಕೆ. ಸೀರೆಯನ್ನು ಎತ್ತಿ ಕಚ್ಚೆ ಹಾಕಿದ್ದಳು. ಹುಮನಾಬಾದಿನ ಬಜಾರದ ಹಿಂದಿನ ಗಟಾರ ಅದು. ಖಾನಾವಳಿಯ ಎಂಜಲು, ಮನೆಗಳ ಹೇಲು, ಸತ್ತ ಇಲಿ, ಎಲ್ಲ ಅದರಲ್ಲೇ ಬರುತ್ತವೆ. ಅವಳು ಎತ್ತಿ ದಂಡೆಗೆ ಹಾಕುತ್ತಿದ್ದಳು.

ಪೇದೆ ಮೂಗಿಗೆ ಕರವಸ್ತ್ರ ಹಿಡಿದು ಬಂದ.

"ಜಿಜಾಬಾಯಿ ಯಾರು?"

"ನಾನೇರಿ."

"ನೋಟಿಸ್ ಅದ. ಹೆಬ್ಬಟ್ಟು ಒತ್ತು."

ಅವಳು ಕೈ ಚಾಚಿದಳು. ಪೇದೆ ಕಾಗದವನ್ನು ಕೈಗೆ ಕೊಡಲಿಲ್ಲ. ಗಟಾರದ ಕಟ್ಟೆಯ ಮೇಲೆ ಇಟ್ಟು, ಹಾರದಂತೆ ಒಂದು ಕಲ್ಲು ಹೇರಿದ. ಶಾಯಿಯ ಡಬ್ಬಿಯನ್ನೂ ಅಲ್ಲೇ ಇಟ್ಟು ಹಿಂದೆ ಸರಿದ.

"ಇದೇನ್ರಿ, ರೇಷನ್‌ದಾ?"

"ರೇಷನ್ ಅಲ್ಲ ಮುದುಕಿ. ನಿನ್ನಿಂದ ದೇಶಕ್ಕ ಧೋಕಾ ಅದ, ಅಪಾಯ ಅದ ಅಂತ."

ಅವಳು ನನ್ನ ಮುಖ ನೋಡಿದಳು. ನಾನು ದೀಪಾಲಿ, ಅವಳ ಓಣಿಯವಳೇ. ಜಾಲತಾಣದಲ್ಲಿನ ನಮ್ಮ ಪುಟ ಬೆಳಿಗ್ಗೆಯಿಂದ ಯಾರ ಫೋನಿನಲ್ಲೂ ಕಾಣುತ್ತಿಲ್ಲ ಎಂದು ಹೇಳಲು ಬಂದಿದ್ದೆ. ಹೇಳುವುದು ಏನೂ ಉಳಿಯಲಿಲ್ಲ. ಕಾಗದದಲ್ಲೇ ಇತ್ತು. 'ಉಸಿರು' ಎಂಬ ಪುಟವು ಉಗ್ರವಾದಕ್ಕೆ ಪ್ರಚೋದಿಸುತ್ತದೆ. ಆದ್ದರಿಂದ ದೇಶದಲ್ಲೆಲ್ಲ ತಡೆಹಿಡಿಯಲಾಗಿದೆ. ಪುಟದ ನಿರ್ವಾಹಕಿ ಜಿಜಾಬಾಯಿ, ಗಂಡ ಭೀಮಶಾ, ಉದ್ಯೋಗ ಕಸ ಗುಡಿಸುವುದು. ಠಾಣೆಗೆ ಹಾಜರಾಗಬೇಕು.

"ನಿರ್ವಾಹಕಿ ಅಂದ್ರ ಏನವ್ವ?"

"ನಡಸಾಕಿ ಅಂತ, ಆಯಿ."

"ನಾ ನಡಸೂದು ಕಸದ ಗಾಡಿ ಒಂದೇ. ಅದರದ್ದೂ ಒಂದು ಗಾಲಿ ಇಲ್ಲ."

ಪುಟ ತೆರೆದವನು ಅವಳ ಮಗ ಸಂಜುಕುಮಾರ. ಸಿಮ್ಮು ತಾಯಿಯ ಹೆಸರಿನದು. ನಮ್ಮ ಓಣಿಯಲ್ಲಿ ಎಲ್ಲರದೂ ಹಾಗೆಯೇ. ಗಂಡಸರು ಕೆಲಸಕ್ಕೆ ಊರೂರು ಅಲೆಯುತ್ತಾರೆ. ಆಧಾರ್ ಕಾರ್ಡು ಕಳೆದುಕೊಳ್ಳುತ್ತಾರೆ. ತಾಯಂದಿರದು ಟ್ರಂಕಿನಲ್ಲಿ ಭದ್ರ ಇರುತ್ತದೆ. ಸಿಮ್ಮು, ಗ್ಯಾಸು, ಸಾಲ, ಎಲ್ಲ ಅವರ ಹೆಸರಿನಲ್ಲೇ ಬರುತ್ತದೆ. ಸಂಜು ಸತ್ತ ಮೇಲೂ ಪುಟ ಅದೇ ನಂಬರಿನಲ್ಲಿ ನಡೆಯಿತು. ಅವನ ನಂಬರನ್ನು ತೆಗೆಯಲು ನಮ್ಮ ಕೈ ಬರಲಿಲ್ಲ. ಈಗ ಕಾನೂನು ಆ ನಂಬರು ಹಿಡಿದು ತಾಯಿಯ ತನಕ ಬಂದಿತ್ತು.

ಪುಟ ನಡೆಸಿದ್ದು ಮೂವರು. ಸಂಜು, ನಾನು, ಸಾಜಿದ. ಸಾಜಿದನದು ಮಾಣಿಕನಗರದಲ್ಲಿ ಮೊಬೈಲ್ ರಿಪೇರಿಯ ಸಣ್ಣ ಅಂಗಡಿ. ಮಾನವ ಹಕ್ಕು ಎಂಬ ದೊಡ್ಡ ಮಾತು ಅವನದು. ಸಂಜು ಅದನ್ನು ಪುಟದ ನೆತ್ತಿಯ ಮೇಲೆ ಬರೆದ. ಕೆಳಗೆ ನಾವು ಹಾಕುತ್ತಿದ್ದದ್ದು ಇಷ್ಟೇ. ಯಾರನ್ನು ಹೇಲಿನ ಗುಂಡಿಗೆ ಇಳಿಸಿದರು. ಯಾವ ಹೋಟೆಲಿನಲ್ಲಿ ನಮಗೆ ಬೇರೆ ಗ್ಲಾಸು. ಯಾವ ಶಾಲೆಯಲ್ಲಿ ನಮ್ಮ ಮಕ್ಕಳ ಕೈಯಲ್ಲಿ ಪಾಯಖಾನೆ ತೊಳೆಸುತ್ತಾರೆ. ಇಳಿದವರ ಮಾತು ಅವರ ಬಾಯಿಂದಲೇ, ಮುಖ ಸಮೇತ.

ನಮ್ಮವರನ್ನು ಕಂಬಕ್ಕೆ ಕಟ್ಟಿ ಹೊಡೆಯುವವರು ಹೊಡೆದ ವಿಡಿಯೊವನ್ನು ತಾವೇ ಹಾಕುತ್ತಾರೆ. ಹಾಡು ಸೇರಿಸಿ ಹಾಕುತ್ತಾರೆ. ಅವು ಈಗಲೂ ಇವೆ. ಉಗ್ರವಾದ ಎಂದು ತೆಗೆದದ್ದು ನಮ್ಮದನ್ನು.

ಸಂಜು ಸತ್ತದ್ದು ಬಸವಕಲ್ಯಾಣದಲ್ಲಿ, ಊರ ಹೊರಗಿನ ಒಂದು ಕಲ್ಯಾಣ ಮಂಟಪದಲ್ಲಿ. ಮಂಟಪ ಮಹೇಶಕುಮಾರನದು. ಎರಡೂ ಊರಲ್ಲಿ ಗಟಾರ ಎತ್ತಿಸುವ ಗುತ್ತಿಗೆಯೂ ಅವನದೇ. ಜಿಜಾಬಾಯಿ ಅವನ ಕೂಲಿ. ಮಂಟಪದ ಮುಂಗೋಡೆಯ ಮೇಲೆ ದುಡಿಮೆ ದೊಡ್ಡದು ಎಂಬ ಅರ್ಥದ ಮಾತನ್ನು ಬಂಗಾರದ ಬಣ್ಣದಲ್ಲಿ ಬರೆಸಿದ್ದಾನೆ. ಗುಂಡಿ ಹಿಂಗೋಡೆಯ ಕಡೆ ಇದೆ.

ಮದುವೆಯ ಹಿಂದಿನ ದಿನ ಗುಂಡಿ ತುಂಬಿ ಉಕ್ಕಿತು. ಮಹೇಶಕುಮಾರ ಸಂಜುವನ್ನು ಕರೆಸಿದ. ಸಂಜು ಒಲ್ಲೆ ಎಂದ. ಯಂತ್ರ ತರಿಸಿ ಎಂದ. ಮಹೇಶಕುಮಾರ ಸಿಟ್ಟಾಗಲಿಲ್ಲ. "ನಾಳಿಂದ ನಿಮ್ಮವ್ವಗ ಕೆಲಸಕ್ಕ ಬರಬ್ಯಾಡ ಅಂತ ಹೇಳು" ಎಂದ. ಅಷ್ಟೇ ಎಂದ.

ಸಂಜು ಅಂಗಿ ಬಿಚ್ಚಿ ಇಳಿದ. ಸೊಂಟಕ್ಕೆ ಒಂದು ಹಗ್ಗ. ಮೇಲೆ ಹಿಡಿಯಲು ಯಾರೂ ಇರಲಿಲ್ಲ. ಹಗ್ಗವನ್ನು ಬೇವಿನ ಗಿಡಕ್ಕೆ ಕಟ್ಟಿದ್ದರು.

ಕುಡಿದು ಬಿದ್ದ ಎಂದು ಬರೆಸಿದರು. ಸಂಜು ಕುಡಿಯುತ್ತಿರಲಿಲ್ಲ.

ಹೆಣವನ್ನು ಮೇಲೆ ಎಳೆದಾಗ ಮೂಗು ಬಾಯಿ ಎಲ್ಲ ಹೇಲು. ಜಿಜಾಬಾಯಿ ಒಂದು ಕೊಡ ನೀರು ಕೇಳಿದಳು. ಮಗನ ಮುಖ ತೊಳೆಯಲು. ಅಡುಗೆ ನಡೆದಿದೆ, ನೀರು ಸಾಲುವುದಿಲ್ಲ ಎಂದರು. ಒಳಗಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ತನ್ನ ಸೆರಗಿನಿಂದ ಒರೆಸಿದಳು. ಒರೆಸಿದಷ್ಟೂ ಹರಡಿತು.

ಆಗ ಅವಳು ಗೇಟಿನ ಮುಂದೆ ನಿಂತಳು. ನಮ್ಮ ಓಣಿಯಲ್ಲಿ ಮಣ್ಣು ತೂರುವುದು ಎಂದರೆ ಸಣ್ಣ ಮಾತಲ್ಲ. ಬಾಯಿಂದ ಬೈಯುವುದು ದಿನದ್ದು. ಮಣ್ಣು ತೂರುವುದು ಜೀವನದಲ್ಲಿ ಒಂದು ಸಲ. ಎಡಗೈಯಲ್ಲಿ ಹಿಡಿ ಮಣ್ಣು ತೆಗೆದು, ಅನ್ಯಾಯ ಮಾಡಿದವನ ಬಾಗಿಲಿಗೆ ತೂರಿ, ಹೇಳುವುದನ್ನು ಹೇಳಬೇಕು. ಹಿಂದಕ್ಕೆ ತೆಗೆದುಕೊಳ್ಳಬೇಕೆಂದರೆ ತೂರಿದವಳೇ ಬರಬೇಕು. ಆ ಮನೆಯ ಹೆಂಗಸು ಅವಳ ಕೈಗೆ ಕೈ ಹಚ್ಚಿ ನೀರು ಕೊಡಬೇಕು. ಆ ನೀರನ್ನು ಅದೇ ಬಾಗಿಲಿಗೆ ಬಿಡಬೇಕು.

ಜಿಜಾಬಾಯಿ ತೂರಿದಳು. "ನನ್ನ ಮಗನ ಉಸಿರು ಕಟ್ಟಿಸಿದವರ ಮನಿ ಸುಟ್ಟು ಬೂದಿ ಆಗಲಿ. ಈ ಅಂಗಳದಾಗ ಹಂದರ ಏಳಬಾರದು. ಈ ಗುಂಡಿಗಿ ಇವರೇ ಇಳೀಬೇಕು."

ನಾನು ಫೋನು ಹಿಡಿದಿದ್ದೆ. ಸಾಜಿದ ಪುಟಕ್ಕೆ ಹಾಕಿದ. ಹುಲಸೂರಿಗೆ ಹೋಯಿತು, ಗಡಿ ದಾಟಿ ಉದಗೀರಕ್ಕೆ ಹೋಯಿತು. ಆ ಗೇಟು, ಆ ಬಂಗಾರದ ಅಕ್ಷರ ಎಲ್ಲರಿಗೂ ಗುರುತು ಸಿಕ್ಕಿತು. ಹೆಣ್ಣು ಹೆತ್ತವರು ಹೆದರಿದರು. ಗುಂಡಿಗೆ ಹೆದರಲಿಲ್ಲ, ಸತ್ತವನಿಗೆ ಮರುಗಲಿಲ್ಲ. ಮದುವೆಯ ಹಂದರ ಏಳಬಾರದು ಎಂಬ ಮಾತಿಗೆ ಹೆದರಿದರು. ಮದುವೆಗಳು ಒಂದೊಂದೇ ಬೇರೆ ಮಂಟಪಕ್ಕೆ ಹೋದವು. ಮಹೇಶಕುಮಾರ ದೊಡ್ಡವರ ಬಾಗಿಲು ತಟ್ಟಿದ. ಪುಟ ಮುಚ್ಚಿತು.

ಮದುವೆಗಳು ಮಾತ್ರ ವಾಪಸು ಬರಲಿಲ್ಲ. ಕಾನೂನಿನಿಂದ ವಿಡಿಯೊ ತೆಗೆಸಬಹುದು. ಶಾಪ ತೆಗೆಸಲು ಬರುವುದಿಲ್ಲ.

ಠಾಣೆಯಲ್ಲಿ ಅವಳನ್ನು ಬಾಗಿಲ ಹತ್ತಿರ ನೆಲದ ಮೇಲೆ ಕೂಡಿಸಿದರು. ಗಾಳಿ ಆಡುವ ಕಡೆ. ನನಗೂ ಕುರ್ಚಿ ಹೇಳಲಿಲ್ಲ. ಸಾಜಿದನನ್ನು ಆಗಲೇ ತಂದು ಒಳಗಿನ ಕೋಣೆಯಲ್ಲಿ ಹಾಕಿದ್ದರು. ಅಧಿಕಾರಿ ಮೇಲಿನ ಕಚೇರಿಯಿಂದ ಇದಕ್ಕೆಂದೇ ಬಂದವನು. ಅವನ ಲ್ಯಾಪ್‌ಟಾಪಿನಲ್ಲಿ ನಮ್ಮ ವಿಡಿಯೊ ಓಡುತ್ತಿತ್ತು. ದೇಶದಲ್ಲಿ ಯಾರಿಗೂ ಕಾಣದ್ದು ಅವನಿಗೆ ಕಾಣುತ್ತಿತ್ತು.

"ಇದು ನೀನೇ ಅಲ್ಲ?"

"ಹೌದ್ರಿ."

"ಮನಿ ಸುಟ್ಟು ಬೂದಿ ಆಗಲಿ. ಅಂದ್ರ ಬೆಂಕಿ ಹಚ್ಚಾಕ ಕರೆ. ಗುಂಡಿಗಿ ಇಳೀಬೇಕು. ಅಂದ್ರ ಕೊಲಿ ಬೆದರಿಕಿ. ಗೊತ್ತದ?"

"ಬೆದರಿಕಿ ಅಲ್ರಿ ಸಾಹೇಬ್ರ, ಶಾಪ. ನಮ್ಮ ಕೋಳಿಗೂ ಅಂತೀನ್ರಿ, ನಿನ್ನ ಮನಿ ಸುಡಲಿ ಅಂತ. ಕೋಳಿಗಿ ಮನಿ ಎಲ್ಲಿಂದ ಬರಬೇಕು."

ಪೇದೆ ನಕ್ಕ. ಅಧಿಕಾರಿ ತಿರುಗಿ ನೋಡಿದ. ನಗು ನಿಂತಿತು.

"ಇದನ್ನೆಲ್ಲ ನಿನಗ ಸಾಜಿದ ಹೇಳಿಕೊಟ್ಟಾನ."

"ಬಯ್ಯಾಕ ನನಗ ಸಾಜಿದ ಕಲಸಬೇಕ್ರಿ? ಆ ಹುಡುಗಗ ನಾಕು ಮಂದಿ ಮುಂದ ಬಾಯಿ ಬಿಡಾಕ ಬರಾಂಗಿಲ್ಲ."

"ನೋಡು ಮುದುಕಿ. ನಿನ್ನ ಮ್ಯಾಲ ನಮಗೇನೂ ಸಿಟ್ಟಿಲ್ಲ. ಓದು ಬರಹ ಇಲ್ಲದಾಕಿ. ಸಾಜಿದ ಹೇಳಿಕೊಟ್ಟ, ನಾ ಅಂದೆ. ಇಷ್ಟು ಬಯಾನ್ ಕೊಡು. ಹೆಬ್ಬಟ್ಟು ಒತ್ತು. ನೀನೂ ಪಾರು, ಈ ಹುಡುಗಿನೂ ಪಾರು."

"ಸಾಜಿದ?"

"ಅವನ ದಾರಿ ಬೇರೆ."

"ಅವನಿಗಿ ಜಾಮೀನು ಸಿಗ್ತದ್ರಿ?" ಎಂದು ನಾನು ಕೇಳಿದೆ.

"ಇದು ಉಗ್ರವಾದ ತಡೆಯೋ ಕಾಯ್ದೆ. ಇದರಾಗ ಹೋದವ್ರು ವರ್ಷಗಟ್ಲೆ ಒಳಗ ಇರ್ತಾರ. ನಿನ್ನ ಹೆಸರೂ ಇದರಾಗ ಅದ. ಮುದುಕಿ ಹೆಬ್ಬಟ್ಟು ನೋಡಿ ನಿನ್ನ ನೋಡ್ತೀನಿ."

ಬಾಂಬು ಹಾಕುವವರಿಗೆ ಮಾಡಿದ ಕಾನೂನು. ನಮ್ಮ ಹತ್ತಿರ ಇದ್ದದ್ದು ಒಂದು ಸಲಿಕೆ, ಒಂದು ಫೋನು, ಹಿಡಿ ಮಣ್ಣು.

ಅಷ್ಟರಲ್ಲಿ ಮಹೇಶಕುಮಾರ ಬಂದ. ಅವನಿಗೆ ಕುರ್ಚಿ ಬಂತು, ಚಹಾ ಬಂತು. ಬಂದವನು ಅಧಿಕಾರಿಯ ಜೊತೆ ಮಾತಾಡಿದ.

"ಬಯಾನ್ ಆಮ್ಯಾಲ ಆಗ್ಲಿ ಸಾಹೇಬ್ರ. ಮೊದಲು ನೀರು ಬಿಡಿಸ್ರಿ. ಲಗ್ನದ ಸೀಜನ್ ಅದ."

ಆಮೇಲೆ ಅವಳ ಕಡೆ ತಿರುಗಿದ. ಕಣ್ಣು ಅವಳ ತಲೆಯ ಮೇಲಿನ ಗೋಡೆಯ ಕಡೆ.

"ಜಿಜಾಬಾಯಿ, ನೀ ನಮ್ಮ ಮಂದಿ ಇದ್ದಂಗ. ಸಂಜು ಹೋದದ್ದು ನನಗೂ ದುಃಖ ಅದ. ಬಂದು ನೀರು ಬಿಡು. ನಿನ್ನ ಕೆಲಸ ನಿನಗೇ ಇರ್ತದ."

ಅವಳು ತನ್ನ ಕೈ ನೋಡಿಕೊಂಡಳು. ಉಗುರಿನ ಸಂದಿಯ ಹೊಲಸನ್ನು ಇನ್ನೊಂದು ಉಗುರಿನಿಂದ ತೆಗೆಯುತ್ತಿದ್ದಳು.

"ನೀರು ಯಾರು ಕೊಡ್ತಾರ್ರಿ?"

"ನಮ್ಮ ಮನಿಯಾಕಿ."

"ಕೈಗಿ ಕೈ ಹಚ್ಚಿ ಕೊಡಬೇಕು. ಗೊತ್ತದಲ್ರಿ?"

ಮಹೇಶಕುಮಾರ ಚಹಾದ ಕಪ್ಪು ಕೆಳಗಿಟ್ಟ. "ಕೊಡ್ತಾಳ."

"ವಿಡಿಯೊ?"

"ಲೈವ್ ಬಿಡ್ತೀವಿ. ನಮ್ಮ ಮಂಟಪದ ಪುಟದಾಗೇ. ಮೊದಲೇ ಶೂಟಿಂಗ್ ಮಾಡಿ ಹಾಕಿದ್ರ ಸುಳ್ಳು ಅಂತಾರ ಮಂದಿ."

"ನಡೀರಿ ಹಂಗಾರ" ಎಂದು ಎದ್ದಳು.

ನನಗೆ ಅವಳ ಮೇಲೆ ಹೇಸಿಕೆ ಬಂತು. ಮಗನನ್ನು ಕೊಂದವನ ಬಾಗಿಲಿಗೆ ನೀರು ಬಿಡಲು ಹೊರಟಿದ್ದಳು. ಮೊದಲು ನೀರು, ಆಮೇಲೆ ಹೆಬ್ಬಟ್ಟು. ಸಾಜಿದ ಒಳಗೆ ಕೊಳೆಯುತ್ತಾನೆ. ನಾನು ಪಾರಾಗುತ್ತೇನೆ. ಪಾರಾಗುತ್ತೇನೆ ಎಂಬುದಕ್ಕೆ ನನ್ನ ಎದೆ ಹಗುರಾಯಿತು. ಅದಕ್ಕೆ ಇನ್ನೂ ಹೇಸಿಕೆ ಬಂತು.

ಠಾಣೆಯ ಹೊರಗೆ ಸಾಜಿದನ ತಾಯಿ ಹಜಿರಾ ಬೀ ನಿಂತಿದ್ದಳು. ಕೈಯಲ್ಲಿ ಬುತ್ತಿ ಡಬ್ಬಿ. ಒಳಗೆ ಬಿಟ್ಟಿರಲಿಲ್ಲ. ಅವಳಿಗೆ ಎಲ್ಲ ತಿಳಿದಿತ್ತು. ಠಾಣೆಯ ಮಾತು ಚಹಾದ ಹುಡುಗರ ಜೊತೆ ಹೊರಗೆ ಬರುತ್ತದೆ.

"ಜಿಜಾಕ್ಕ."

ಜಿಜಾಬಾಯಿ ನಿಂತಳು.

"ನಿನ್ನ ಮಗ ಹೋದ. ನನ್ನ ಮಗ ಇನ್ನಾ ಅದಾನ."

ಅಷ್ಟೇ ಅಂದಳು. ಅಳಲಿಲ್ಲ. ಡಬ್ಬಿಯ ಮುಚ್ಚಳ ಸಡಿಲಾಗಿತ್ತು. ಜಿಜಾಬಾಯಿ ಅದನ್ನು ಒತ್ತಿ ಕೂಡಿಸಿ ಮುಂದೆ ನಡೆದಳು.

ಜೀಪಿನಲ್ಲಿ ಹಿಂದೆ ಸೀಟು ಖಾಲಿ ಇತ್ತು. ಪೇದೆ ನೆಲ ತೋರಿಸಿದ. ಅವಳು ನೆಲದ ಮೇಲೆ ಕೂತಳು. ನಾನೂ ಕೂತೆ. ಅಧಿಕಾರಿ ಮುಂದೆ. ಮಹೇಶಕುಮಾರನ ಕಾರು ಇನ್ನೂ ಮುಂದೆ. ಸಸ್ತಾಪುರ ಬಂಗ್ಲಾದ ತಿರುವಿನಲ್ಲಿ ಜೀಪು ಬಸವಕಲ್ಯಾಣದ ಕಡೆ ಹೊರಳಿದಾಗ ಅವಳ ತಲೆ ಕಬ್ಬಿಣಕ್ಕೆ ಬಡಿಯಿತು.

"ಆಯಿ, ಖರೇನೇ ನೀರು ಬಿಡ್ತಿಯೇನು?"

"ಸುಮ್ನ ಕೂಡು. ಅಲ್ಲಿ ಹೋದ ಮ್ಯಾಲೂ ದೂರ ನಿಂದರು. ನನ್ನ ಕಡಿ ಬರಬ್ಯಾಡ. ಬಾಯಿ ತಗೀಬ್ಯಾಡ."

ಮಂಟಪದ ಗೇಟಿಗೆ ಮಾವಿನ ತೋರಣ ಕಟ್ಟಿದ್ದರು. ಗುಡಿಸಿ ನೀರು ಹೊಡೆದಿದ್ದರು. ಗೇಟಿನ ಎರಡೂ ಕಡೆ ಮಾತ್ರ ಒಣ ಮಣ್ಣು. ಮಹೇಶಕುಮಾರನ ಹೆಂಡತಿ ಉಮಾದೇವಿ ತಾಮ್ರದ ತಂಬಿಗೆ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಮಹೇಶಕುಮಾರ ತನ್ನ ಫೋನನ್ನು ಪೇದೆಗೆ ಕೊಟ್ಟ. ಪೇದೆ ಎತ್ತಿ ಹಿಡಿದ. ನಾನು ರಸ್ತೆಯ ಆಚೆ ನಿಂತೆ.

"ಚಾಲೂ ಆಯ್ತೇನಪ್ಪ?" ಎಂದು ಜಿಜಾಬಾಯಿ ಕೇಳಿದಳು.

"ಆಯ್ತು. ಮಂದಿ ನೋಡಾಕತ್ತಾರ."

"ನನ್ನ ಮಾರಿ ಕಾಣ್ತದಾ? ಸಾವ್ಕಾರ್ರದೂ ಕಾಣಬೇಕು. ಇಲ್ಲಾಂದ್ರ ಮಂದಿ ನಂಬಾಂಗಿಲ್ಲ."

ಮಹೇಶಕುಮಾರ ಅಂಗಿ ಸರಿ ಮಾಡಿಕೊಂಡು ಪಕ್ಕಕ್ಕೆ ಬಂದು ನಿಂತ.

ಅವಳು ಬೊಗಸೆ ಒಡ್ಡಿದಳು. ಉಮಾದೇವಿ ಮೆಟ್ಟಿಲ ಮೇಲಿಂದಲೇ ತಂಬಿಗೆ ಬಾಗಿಸಿದಳು. ನೀರು ಮೇಲಿಂದ ಬಿತ್ತು. ಅರ್ಧ ಬೊಗಸೆಗೆ, ಅರ್ಧ ಹೊರಗೆ. ನಮಗೆ ನೀರು ಕೊಡುವ ರೀತಿ ಅದು. ಹೋಟೆಲಿನಲ್ಲಿ, ಹೊಲದಲ್ಲಿ, ಬಾವಿಯ ಕಟ್ಟೆಯ ಕೆಳಗೆ, ಅದೇ ರೀತಿ.

"ಹಿಂಗ ಹಾಕಿದ್ರ ಆಗಾಂಗಿಲ್ರಿ ಅಮ್ಮಾರ. ಕೈ ಹಚ್ಚಬೇಕು."

"ಇವತ್ತ ಸೋಮವಾರ ಅದ, ನಾ ಮಡಿಯಾಗ ಇದ್ದೀನಿ" ಎಂದು ಉಮಾದೇವಿ ಗಂಡನ ಕಡೆ ನೋಡಿದಳು.

"ಹಚ್ಚು" ಎಂದ ಮಹೇಶಕುಮಾರ, ತುಟಿ ಅಲುಗಿಸದೆ. "ಆಮ್ಯಾಲ ಜಳಕ ಮಾಡಕೋ."

ಫೋನು ಚಾಲೂ ಇತ್ತು. ಉಮಾದೇವಿ ಕೆಳಗಿಳಿದಳು. ಸುಡುವ ತವೆ ಮುಟ್ಟುವ ಹಾಗೆ ಎರಡು ಬೆರಳಿನ ತುದಿಯನ್ನು ಅವಳ ಅಂಗೈಗೆ ತಾಗಿಸಿದಳು. ನೀರು ಹಾಕಿದಳು. ಮರುಕ್ಷಣ ಆ ಬೆರಳುಗಳನ್ನು ಸೀರೆಗೆ ಒರೆಸಿಕೊಂಡಳು. ಒರೆಸಿದ ಜಾಗವನ್ನೂ ದೂರ ಹಿಡಿದಳು.

ಜಿಜಾಬಾಯಿ ಅದನ್ನು ನೋಡಿದಳು. ಬೊಗಸೆ ತುಂಬ ನೀರು.

"ಇದು ಇದೇ ನಳದ ನೀರಲ್ರಿ?"

"ಹೌದು. ಯಾಕ?"

"ಅವತ್ತ ಇದನ್ನೇ ಕೇಳಿದ್ದೆ. ಒಂದು ಕೊಡ. ನನ್ನ ಮಗನ ಬಾಯಾಗಿನ ಹೇಲು ತೊಳ್ಯಾಕ. ಅಡಗಿಗಿ ಬೇಕು ಅಂದ್ರಿ."

"ಅದೆಲ್ಲ ಈಗ ಯಾಕ. ನೀರು ಬಿಡು. ವಾಪಸ್ ತಗೊಂಡೆ ಅನ್ನು."

"ಸಾಜಿದನ್ನ ಬಿಡ್ತೀರಿ?"

ಮಹೇಶಕುಮಾರನ ಮುಖದ ನಗು ಗಟ್ಟಿಯಾಯಿತು. "ಆ ಸಾಬನ ಚಿಂತಿ ನಿನಗ್ಯಾಕ? ನೀ ನಿಂದಷ್ಟು ನೋಡಕೋ."

"ನನ್ನ ಮಗಗ ನಿಮ್ಮವ್ವನ ಕೆಲಸ ಹೋಗ್ತದ ಅಂದಿದ್ರಿ. ಅವ ನಂದು ನೋಡಾಕ ಹೋಗೇ ಇಳದ."

ಬೊಗಸೆ ಬಿಚ್ಚಿದಳು. ನೀರು ಬಾಗಿಲಿಗೆ ಬೀಳಲಿಲ್ಲ. ಅವಳ ಕಾಲ ಮುಂದಿನ ಒಣ ಮಣ್ಣಿಗೆ ಬಿತ್ತು. ಅವಳು ಬಗ್ಗಿದಳು. ಗಟಾರ ಎತ್ತಿ ಎತ್ತಿ ಬಗ್ಗಿದ ಬೆನ್ನು ಅದು, ಬಗ್ಗುವುದು ಅದಕ್ಕೆ ಕಷ್ಟವಲ್ಲ. ಎಡಗೈ ತುಂಬ ಕೆಸರು ತೆಗೆದುಕೊಂಡು ಎದ್ದಳು.

"ಏ, ಏನ್ ಮಾಡಾಕತ್ತಿ?" ಎಂದ ಅಧಿಕಾರಿ.

ತೂರಿದಳು. ಹಿಂದಿನ ಸಲದ್ದು ಒಣ ಮಣ್ಣು, ಗಾಳಿಗೆ ಹೋಗಿತ್ತು. ಈ ಸಲ ನೀರನ್ನು ಅವರೇ ಕೊಟ್ಟಿದ್ದರು. ಕೆಸರು ಗೇಟಿಗೆ ಮೆತ್ತಿಕೊಂಡಿತು.

"ನನ್ನ ಮಗನ ಉಸಿರು ಕಟ್ಟಿಸಿದವರ ಮನಿ ಸುಟ್ಟು ಬೂದಿ ಆಗಲಿ." ಕೂಗಲಿಲ್ಲ. ಬರೆದುಕೊಳ್ಳುವವರಿಗೆ ಹೇಳುವ ಹಾಗೆ ನಿಧಾನ ಹೇಳಿದಳು. "ಈ ಅಂಗಳದಾಗ ಹಂದರ ಏಳಬಾರದು. ಈ ಗುಂಡಿಗಿ ಇವರೇ ಇಳೀಬೇಕು."

ಆಮೇಲೆ ಫೋನಿನ ಕಡೆ ತಿರುಗಿದಳು.

"ನಾ ಜಿಜಾಬಾಯಿ. ಸಂಜುಕುಮಾರನ ತಾಯಿ. ಸಾಜಿದ ಪೊಲೀಸರ ಕೋಣ್ಯಾಗ ಕೂತಾನ. ದೀಪಾಲಿ ಅಕೋ ಅಲ್ಲಿ ಬಾಯಿ ಮುಚ್ಚಿಕೊಂಡು ನಿಂತಾಳ. ಈಗ ನನಗ ಯಾರು ಹೇಳಿಕೊಟ್ರು? ಬರಕೋರಿ ಸಾಹೇಬ್ರ. ಇದೇ ನನ್ನ ಬಯಾನ್."

"ಬಂದ್ ಮಾಡೋ ಅದನ್ನ" ಎಂದು ಅಧಿಕಾರಿ ಪೇದೆಯ ಮೇಲೆ ಹೋದ. ಪೇದೆಗೆ ಆ ಫೋನು ಹೊಸದು. ಎಲ್ಲಿ ಒತ್ತಬೇಕು ತಿಳಿಯಲಿಲ್ಲ. ಮಹೇಶಕುಮಾರ ಕಸಿದುಕೊಂಡು ಒತ್ತಿದ. ಅಷ್ಟು ಹೊತ್ತೂ ಅದು ಓಡುತ್ತಿತ್ತು. ಅವನ ಪುಟದಲ್ಲಿ. ಯಾವ ಕಾನೂನೂ ಮುಚ್ಚದ ಪುಟದಲ್ಲಿ.

ಉಮಾದೇವಿ ತಂಬಿಗೆ ಹಿಡಿದು ಒಳಗೆ ಓಡಿದಳು. ಬಾಗಿಲು ಹಾಕಿದ ಸಪ್ಪಳ ಬಂತು.

"ನಾಳಿಂದ ಕೆಲಸಕ್ಕ ಬರಬ್ಯಾಡ" ಎಂದ ಮಹೇಶಕುಮಾರ.

"ನಿಮ್ಮ ಗಟಾರ ನೀವೇ ಎತ್ತಕೋರಿ."

ಅವಳ ಹೆಬ್ಬಟ್ಟಿಗೆಂದು ಬರೆದಿಟ್ಟಿದ್ದ ಬಯಾನಿನ ಕಾಗದವನ್ನು ಅಧಿಕಾರಿ ಜೇಬಿನಿಂದ ತೆಗೆದ. ಅದನ್ನು ಮತ್ತೆ ಜೇಬಿಗೆ ಹಾಕಿದ. "ಜೀಪ್ ಹತ್ತು" ಎಂದ. "ಈಗ ನಿನ್ನ ಮ್ಯಾಲೇ ಕೇಸು. ಮೊದಲು ಕೈ ತೊಳಕೋ, ಜೀಪ್ ಹೊಲಸಾಗ್ತದ."

ಅವಳು ಕೆಸರಿನ ಕೈಯನ್ನು ಮುಂದೆ ಚಾಚಿದಳು.

"ನೀರು ಯಾರು ಕೊಡ್ತೀರಿ?"

ಯಾರೂ ಅಲುಗಲಿಲ್ಲ. ಪೇದೆ ನೆಲ ನೋಡಿದ. ಅವಳು ಸ್ವಲ್ಪ ಹೊತ್ತು ಹಾಗೆಯೇ ಕೈ ಹಿಡಿದು ಕಾದಳು. ಆಮೇಲೆ ಜೀಪಿನ ಕಡೆ ನಡೆದು, ಬಾಗಿಲ ಕಬ್ಬಿಣವನ್ನು ಅದೇ ಕೈಯಿಂದ ಹಿಡಿದು ಹತ್ತಿದಳು. ನೆಲದ ಮೇಲೆ ಕೂಡಲಿಲ್ಲ. ಸೀಟಿನ ಮೇಲೆ ಕೂತಳು. ಕೈಯನ್ನು ಸೀಟಿಗೆ ಒರೆಸಿದಳು.

ನನ್ನನ್ನು ಯಾರೂ ಕರೆಯಲಿಲ್ಲ. ನಾನು ರಸ್ತೆ ದಾಟಿ ಬಂದು ಹತ್ತಿದೆ. ಅವಳ ಪಕ್ಕದಲ್ಲಿ, ಸೀಟಿನ ಮೇಲೆ ಕೂತೆ.